ಪಾವಿನ ಬಾಲ ಹೋದದ್ದೆಲ್ಲಿ?

ಪಾವ್‌ಗೆ ಪಾವ್ ಎಂಬ ಹೆಸರು ಯಾಕೆ ಬಂತು? ಮುಂಬಯಿಯಲ್ಲಿ ಈ ಪ್ರಶ್ನೆ ಎತ್ತಿದರೆ ಎರಡು ಉತ್ತರ ಕೂಡಲೇ ಸಿಗುತ್ತವೆ. ಹಿಂದಿನ ಕಾಲದ ಬೇಕರಿಗಳಲ್ಲಿ ಹಿಟ್ಟನ್ನು ಕಾಲಿನಿಂದ ತುಳಿದು ನಾದುತ್ತಿದ್ದರು, ಹಿಂದಿಯಲ್ಲಿ ಪಾಂವ್ ಎಂದರೆ ಕಾಲು, ಅದರಿಂದ ಪಾವ್ ಆಯಿತು ಎನ್ನುವುದು ಒಂದು. ಒಂದಕ್ಕೊಂದು ಅಂಟಿಕೊಂಡು ಬೆಂದ ಬನ್ನುಗಳ ಲಾದಿಯಿಂದ ಕಿತ್ತುಕೊಟ್ಟ ತುಂಡು ಕಾಲು ಭಾಗ, ಅಂದರೆ ಪಾವು ಭಾಗ, ಅದಕ್ಕೇ ಪಾವ್ ಎನ್ನುವುದು ಇನ್ನೊಂದು. ಸೇರಿನ ಕಾಲು ಭಾಗಕ್ಕೆ ಪಾವು ಎಂದು ಅಕ್ಕಿ ಅಳೆದವರು ನಾವು. ಮೇಲಾಗಿ ನಮ್ಮ 'ಕಾಲು' ಎಂಬ ಮಾತು ನಡೆಯುವ ಕಾಲಿಗೂ ಆಗುತ್ತದೆ, ನಾಲ್ಕರಲ್ಲಿ ಒಂದಕ್ಕೂ ಆಗುತ್ತದೆ. ಹಾಗಾಗಿ ಎರಡು ಕಥೆಗಳೂ ಕನ್ನಡಿಗರಿಗೆ ಸಲೀಸಾಗಿ ರುಚಿಸುತ್ತವೆ.

ಆದರೆ ಎರಡೂ ನಿಲ್ಲುವುದಿಲ್ಲ. ಶ್ರೀಲಂಕಾದ ಸಿಂಹಳದಲ್ಲಿ ಬ್ರೆಡ್ಡಿಗೆ 'ಪಾನ್' ಎನ್ನುತ್ತಾರೆ, ಜಪಾನಿನಲ್ಲೂ 'ಪಾನ್' ಎನ್ನುತ್ತಾರೆ. ಅಲ್ಲಿ ಹಿಂದಿಯ ಕಾಲೂ ಇಲ್ಲ, ನಮ್ಮ ಸೇರು ಪಾವಿನ ಲೆಕ್ಕವೂ ಇಲ್ಲ. ಮುಂಬಯಿ, ಕೊಲಂಬೊ, ನಾಗಸಾಕಿ ಮೂರಕ್ಕೂ ಸಮಾನವಾಗಿದ್ದವರು ಪೋರ್ಚುಗೀಸರು. ಅವರ ಭಾಷೆಯಲ್ಲಿ ಬ್ರೆಡ್ಡಿಗೆ 'ಪಾಂವ್' ಎಂದು ಹೆಸರು. ಕೊನೆಯಲ್ಲಿ ಮೂಗಿನಿಂದ ಹೊರಡುವ ದನಿ.

ಇಷ್ಟು ಬಹಳ ಜನಕ್ಕೆ ಗೊತ್ತು. ಒಗಟು ಶುರುವಾಗುವುದು ಇನ್ನು ಮುಂದೆ. ಪೋರ್ಚುಗೀಸ್ ಭಾಷೆ ಹುಟ್ಟಿದ್ದು ರೋಮನ್ನರ ಲ್ಯಾಟಿನ್‌ನಿಂದ. ಲ್ಯಾಟಿನ್ ನಿಘಂಟು ತೆರೆದರೆ ಬ್ರೆಡ್ಡಿಗೆ ಇರುವ ಪದ 'ಪಾನಿಸ್'. ಲ್ಯಾಟಿನ್‌ನ ಮಕ್ಕಳಾದ ಇಟಾಲಿಯನ್, ಸ್ಪ್ಯಾನಿಶ್, ಫ್ರೆಂಚ್, ಪೋರ್ಚುಗೀಸ್‌ಗಳಲ್ಲಿ ಹುಡುಕಿದರೆ ಪಾನಿಸ್ ಎಲ್ಲೂ ಇಲ್ಲ. ಇಟಲಿಯಲ್ಲಿ ಪಾನೆ, ಸ್ಪೇನಿನಲ್ಲಿ ಪಾನ್, ಫ್ರಾನ್ಸಿನಲ್ಲಿ ಮೂಗಿನ ದನಿಯ ಪ್ಯಾಂ. ಆ 'ಇಸ್' ಎಂಬ ಬಾಲ ಎಲ್ಲರ ಮನೆಯಲ್ಲೂ ಕಳೆದುಹೋದದ್ದು ಹೇಗೆ?

ವಸಾಯಿಯ ದಾರಿ

ಮೊದಲು ಈ ಪದ ನಮ್ಮ ಬಾಗಿಲಿಗೆ ಬಂದ ದಾರಿ ನೋಡೋಣ. 1534ರಲ್ಲಿ ಗುಜರಾತಿನ ಸುಲ್ತಾನ ಬಹಾದುರ್ ಶಾಹ ಒಪ್ಪಂದವೊಂದರಲ್ಲಿ ವಸಾಯಿಯನ್ನೂ ಅದರ ಕೆಳಗಿದ್ದ ಸೀಮೆಯನ್ನೂ ಪೋರ್ಚುಗೀಸರಿಗೆ ಬಿಟ್ಟುಕೊಟ್ಟ. ಮುಂಬಯಿಯ ದ್ವೀಪಗಳೂ ಅದರಲ್ಲಿ ಸೇರಿದವು. 1661ರಲ್ಲಿ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್‌ಳನ್ನು ಇಂಗ್ಲೆಂಡಿನ ಎರಡನೇ ಚಾರ್ಲ್ಸ್‌ಗೆ ಕೊಟ್ಟು ಮದುವೆ ಮಾಡುವ ಒಪ್ಪಂದವಾದಾಗ ಮುಂಬಯಿ ವರದಕ್ಷಿಣೆಯಾಗಿ ಇಂಗ್ಲಿಷರ ಪಾಲಾಯಿತು. 1668ರಲ್ಲಿ ದೊರೆ ಅದನ್ನು ವರ್ಷಕ್ಕೆ 10 ಪೌಂಡ್ ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿಕೊಟ್ಟ. ಆದರೆ ಇಂದಿನ ಬಾಂದ್ರಾ, ಅಂಧೇರಿಗಳಿರುವ ಸಾಷ್ಟಿಯೂ ವಸಾಯಿಯೂ 1737–39ರಲ್ಲಿ ಮರಾಠರು ಗೆಲ್ಲುವ ತನಕ ಪೋರ್ಚುಗೀಸರ ಕೈಯಲ್ಲೇ ಇದ್ದವು. ಅಂದರೆ ಇಂದಿನ ಉಪನಗರಗಳಲ್ಲಿ ಪೋರ್ಚುಗೀಸ್ ಮಾತು ಸುಮಾರು ಇನ್ನೂರು ವರ್ಷ ಓಡಾಡಿದೆ.

ಆ ಓಡಾಟ ಬಿಟ್ಟುಹೋದ ಪದಗಳು ಒಂದೆರಡಲ್ಲ. ಮುಂಬಯಿಯಲ್ಲೂ ಧಾರವಾಡದಲ್ಲೂ ಬೀಗಕ್ಕೆ ಹಾಕುವ ಚಾವಿ, ಕರಾವಳಿಯವರ ಇಗರ್ಜಿ, ಅಲ್ಲಿರುವ ಪಾದ್ರಿ, ಒಂದನೇ ತಾರೀಖಿನ ಪಗಾರ ಎಲ್ಲವೂ ಪೋರ್ಚುಗೀಸ್ ಮೂಲದವು. ಇವನ್ನೆಲ್ಲ ಕೂಡಿಸಿ ಪಟ್ಟಿ ಮಾಡಿದವರು ಗೋವೆಯ ಅಸಗಾಂವ್‌ನಲ್ಲಿ 1855ರಲ್ಲಿ ಹುಟ್ಟಿದ ಪಾದ್ರಿ ಸೆಬಾಸ್ತಿಯಾಂವ್ ರೊಡೊಲ್ಫೊ ದಾಲ್ಗಾದೊ. ಏಷ್ಯಾದ ಭಾಷೆಗಳಲ್ಲಿ ಸೇರಿಹೋದ ಪೋರ್ಚುಗೀಸ್ ಪದಗಳ ಬಗ್ಗೆ ಅವರ ದೊಡ್ಡ ಗ್ರಂಥ 1913ರಲ್ಲಿ ಹೊರಬಂತು. 1936ರಲ್ಲಿ ಬರೋಡಾದಿಂದ ಅದರ ಇಂಗ್ಲಿಷ್ ಅನುವಾದವೂ ಬಂತು. ಮುಂಬಯಿ ಸೀಮೆಯ ಕ್ರೈಸ್ತರು ಆಡುತ್ತಿದ್ದ ಬೆರಕೆ ಪೋರ್ಚುಗೀಸಿನ ಬಗ್ಗೆಯೂ ಅವರು 1906ರಲ್ಲೇ ಬರೆದಿದ್ದರು. ಮುಂಬಯಿಯ ದಕ್ಷಿಣಕ್ಕೆ, ರಾಯಗಡ ಜಿಲ್ಲೆಯ ಕೊರ್ಲಾಯಿ ಎಂಬ ಊರಿನಲ್ಲಿ ಅಂಥ ಒಂದು ಮಾತು ಇನ್ನೂ ಬದುಕಿದೆ.

ಪಾವ್ ಬಂದದ್ದೂ ಇದೇ ದಾರಿಯಲ್ಲಿ. ಅದರ ಬಾಲ ಮಾತ್ರ ಈ ದಾರಿಯಲ್ಲಿ ಬಿದ್ದದ್ದಲ್ಲ. ಪೋರ್ಚುಗೀಸರು ಹಡಗು ಹತ್ತುವುದಕ್ಕೆ ಎಷ್ಟೋ ಶತಮಾನ ಮೊದಲೇ ಅದು ಉದುರಿಹೋಗಿತ್ತು.

ಡಬ್ಬದ ಮೇಲಿನ ಗುರುತು

ಲ್ಯಾಟಿನ್ ನಾಮಪದಕ್ಕೆ ಕನ್ನಡದಂತೆಯೇ ವಿಭಕ್ತಿ ಹತ್ತುತ್ತಿತ್ತು. ಪಾನಿಸ್ ಎಂದರೆ ಬ್ರೆಡ್ಡು, ಪಾನೆಮ್ ಎಂದರೆ ಬ್ರೆಡ್ಡನ್ನು, ಪಾನಿ ಎಂದರೆ ಬ್ರೆಡ್ಡಿಗೆ, ಪಾನೆ ಎಂದರೆ ಬ್ರೆಡ್ಡಿನಿಂದ. ನಿಘಂಟಿನಲ್ಲಿ ಕಾಣುವುದು ಪ್ರಥಮಾ ವಿಭಕ್ತಿಯ ರೂಪ, ಅಂದರೆ ವಾಕ್ಯದ ಕರ್ತೃವಾಗಿ ಬರುವ ಪಾನಿಸ್.

ಈ ಬಾಲಗಳ ಕೆಲಸ ಏನೆಂದು ತಿಳಿಯಲು ಮುಂಬಯಿಯ ಡಬ್ಬಾವಾಲಾನ ಡಬ್ಬವನ್ನು ನೋಡಿದರೆ ಸಾಕು. ಮುಚ್ಚಳದ ಮೇಲೆ ಬಣ್ಣದಲ್ಲಿ ಅಕ್ಷರ, ಅಂಕಿ ಬರೆದಿರುತ್ತದೆ: ಯಾವ ಸ್ಟೇಷನ್‌ನಲ್ಲಿ ಇಳಿಸಬೇಕು, ಯಾವ ಕಟ್ಟಡ, ಎಷ್ಟನೇ ಮಾಳಿಗೆ. ಗುರುತು ನೆಟ್ಟಗಿದ್ದರೆ ಡಬ್ಬಗಳನ್ನು ಹೇಗೆ ಕಲಸಿ ಪೇರಿಸಿದರೂ ಚಿಂತೆಯಿಲ್ಲ, ಪ್ರತಿಯೊಂದೂ ತನ್ನ ಯಜಮಾನನನ್ನು ತಲುಪುತ್ತದೆ. ಬಣ್ಣ ಅಳಿಸಿಹೋಯಿತು ಅನ್ನಿ. ಆಗ ಎರಡೇ ದಾರಿ. ಡಬ್ಬಗಳನ್ನು ಇಳಿಸುವ ಸರದಿಯಲ್ಲೇ ಸಾಲಾಗಿ ಜೋಡಿಸಬೇಕು, ಇಲ್ಲವೇ ಪ್ರತಿಯೊಂದಕ್ಕೂ ಬೇರೆ ಚೀಟಿ ಕಟ್ಟಬೇಕು.

ಲ್ಯಾಟಿನ್‌ನಲ್ಲಿ ಗುರುತು ನೆಟ್ಟಗಿತ್ತು. ನಾಯಿಗೆ ಕಾನಿಸ್ ಎನ್ನುತ್ತಿದ್ದರು. 'ಕಾನಿಸ್ ಪಾನೆಮ್ ಎದಿತ್' ಎಂದರೂ 'ಪಾನೆಮ್ ಕಾನಿಸ್ ಎದಿತ್' ಎಂದರೂ ತಿನ್ನುವುದು ನಾಯಿಯೇ. ನಾವು 'ಪಾವನ್ನು ನಾಯಿ ತಿನ್ನುತ್ತದೆ' ಎಂದು ಹಿಂದುಮುಂದು ಮಾಡಿ ಹೇಳುವ ಹಾಗೆ. ಇಂದಿನ ಪೋರ್ಚುಗೀಸಿನಲ್ಲಿ ನಾಯಿಗೆ ಕಾಂವ್, ಬ್ರೆಡ್ಡಿಗೆ ಪಾಂವ್. ಎರಡಕ್ಕೂ ಬಾಲವಿಲ್ಲ. ಆದ್ದರಿಂದ ನಾಯಿ ಮೊದಲು, ಕ್ರಿಯಾಪದ ಆಮೇಲೆ, ಬ್ರೆಡ್ಡು ಕೊನೆಗೆ ಬರಬೇಕು. ಸಾಲು ತಪ್ಪಿಸಿದರೆ ಬ್ರೆಡ್ಡು ನಾಯಿಯನ್ನು ತಿಂದುಬಿಡುತ್ತದೆ. ಗುರುತು ಅಳಿಸಿಹೋದ ಮೇಲೆ ಭಾಷೆ ಸಾಲು ಕಟ್ಟುವುದನ್ನು ಕಲಿತಿತು. ಪದದ ಮುಂದೆ 'ದೆ', 'ಆ' ಎಂಬ ಸಣ್ಣ ಚೀಟಿಗಳನ್ನೂ ಕಟ್ಟತೊಡಗಿತು. ಅವು ನಮ್ಮ 'ಇಂದ', 'ಗೆ'ಗಳ ಕೆಲಸ ಮಾಡುವ ಬಿಡಿ ಪದಗಳು.

ಮೊದಲು ಸವೆದದ್ದು 'ಮ್'

ಅಳಿಸಿಹೋಗುವುದು ಶುರುವಾದದ್ದು ಪಾನೆಮ್‌ನ ಕೊನೆಯ 'ಮ್'ನಿಂದ. ಇದು ರೋಮ್ ಬಿದ್ದ ಮೇಲಿನ ಅವನತಿಯಲ್ಲ, ಅದರ ಏಳಿಗೆಯ ದಿನಗಳಲ್ಲೇ ನಡೆಯುತ್ತಿತ್ತು. ಕ್ರಿಸ್ತಪೂರ್ವ ಮೂರನೆಯ ಶತಮಾನದ ಸ್ಕಿಪಿಯೋ ಮನೆತನದವರ ಸಮಾಧಿ ಶಾಸನಗಳಲ್ಲಿ 'ಮ್' ಹಲವೆಡೆ ಬಿಟ್ಟುಹೋಗಿದೆ. ಕ್ರಿಸ್ತಶಕ 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಡಿ ಹೂತುಹೋದ ಪೊಂಪೆಯ ಗೋಡೆಗಳ ಮೇಲೆ ಜನ ಗೀಚಿದ ಬರಹಗಳಲ್ಲೂ ಹಾಗೆಯೇ. ಅದೇ ಶತಮಾನದ ಕ್ವಿಂಟಿಲಿಯನ್ ಎಂಬ ಭಾಷಣಕಲೆಯ ಗುರು, ಮುಂದಿನ ಪದ ಸ್ವರದಿಂದ ಶುರುವಾದರೆ ಈ 'ಮ್' ಬರೆಯುವುದಕ್ಕಷ್ಟೇ ಇರುತ್ತದೆ, ಬಾಯಲ್ಲಿ ಸರಿಯಾಗಿ ಹೊರಡುವುದಿಲ್ಲ ಎಂದು ಗುರುತಿಸಿದ್ದಾನೆ.

ಇನ್ನೊಂದು ಸ್ವಾರಸ್ಯದ ಸಾಕ್ಷಿ 'ಅಪೆಂಡಿಕ್ಸ್ ಪ್ರೋಬಿ' ಎಂಬ ಹಳೆಯ ತಪ್ಪೊಪ್ಪುಗಳ ಪಟ್ಟಿ. ಹೀಗೆ ಹೇಳಿ, ಹಾಗೆ ಹೇಳಬೇಡಿ ಎಂದು ಇನ್ನೂರಕ್ಕೂ ಹೆಚ್ಚು ಪದಗಳನ್ನು ತಿದ್ದುವ ಪಟ್ಟಿ ಅದು. ನುಂಕ್ವಮ್, ಓಲಿಮ್ ಎಂಬ ಪದಗಳ ಕೊನೆಯ 'ಮ್' ನುಂಗಿ ನುಂಕ್ವ, ಓಲಿ ಎನ್ನುವವರನ್ನೂ ಅದು ತಿದ್ದುತ್ತದೆ. ಯಾರೂ ಮಾಡದ ತಪ್ಪನ್ನು ಮೇಷ್ಟ್ರು ತಿದ್ದುವುದಿಲ್ಲ. ಪಟ್ಟಿ ಮಾಡಿದವನು ತಪ್ಪೆಂದು ಬಗೆದದ್ದನ್ನೇ ಜನ ಬೀದಿಯಲ್ಲಿ ಆಡುತ್ತಿದ್ದರು. ಭಾಷೆ ಮುಂದೆ ನಡೆದದ್ದೂ ಆ ಬೀದಿಯಲ್ಲೇ.

ಈ ಸವೆತ ಕನ್ನಡಕ್ಕೂ ಹೊಸತಲ್ಲ. ಹಳಗನ್ನಡದ ಮರಂ, ಅರಸಂ ಎಂಬ ರೂಪಗಳು ಇಂದು ಮರ, ಅರಸ. ಪದದ ಕೊನೆಯಲ್ಲಿ ತುಟಿ ಮುಚ್ಚಿ ಮೂಗಿನಿಂದ ಬಿಡುವ ದನಿ ಬಹಳ ಭಾಷೆಗಳಲ್ಲಿ ಬೇಗ ಸಡಿಲುವ ಜಾಗ.

ಒಂದು ಕಡೆ ಪಾನಿಸ್, ಉಳಿದ ಕಡೆ ಪಾನೆ

ಈಗ ಒಗಟಿನ ಗಂಟಿಗೆ ಕೈ ಹಾಕೋಣ. ಪಾನೆಮ್‌ನ 'ಮ್' ಬಿದ್ದರೆ ಉಳಿಯುವುದು ಪಾನೆ. ಆದರೆ 'ಬ್ರೆಡ್ಡಿನಿಂದ' ಎನ್ನುವ ರೂಪ ಮೊದಲಿನಿಂದಲೂ ಪಾನೆಯೇ. ಒಂದು ಅಕ್ಷರ ಸವೆದದ್ದರಿಂದ ಎರಡು ವಿಭಕ್ತಿಗಳು ಕಿವಿಗೆ ಒಂದೇ ಆಗಿಹೋದವು.

ಲ್ಯಾಟಿನ್‌ನಲ್ಲಿ ನಾಮಪದಕ್ಕೆ ಮೊದಲು ಬರುವ ಸಣ್ಣ ಪದಗಳು ತಮ್ಮ ನಂತರ ಇಂಥದೇ ವಿಭಕ್ತಿ ಬೇಕೆಂದು ಹಟ ಹಿಡಿಯುತ್ತಿದ್ದವು. 'ಆದ್' ಎನ್ನುವುದಕ್ಕೆ ಪಾನೆಮ್ ಬೇಕು. 'ದೆ', 'ಕುಮ್' ಎನ್ನುವುವಕ್ಕೆ ಪಾನೆ ಬೇಕು. 'ಮ್' ಹೋದ ಮೇಲೆ ಈ ಹಟಕ್ಕೆ ಅರ್ಥವೇ ಉಳಿಯಲಿಲ್ಲ, ಯಾವುದರ ನಂತರವೂ ಪಾನೆ ಎಂದರೆ ಸಾಕು. ಹಿಂದೆ 'ಬ್ರೆಡ್ಡಿನ' ಎನ್ನಲು ಇದ್ದ ಪಾನಿಸ್, 'ಬ್ರೆಡ್ಡಿಗೆ' ಎನ್ನಲು ಇದ್ದ ಪಾನಿ, ಎರಡರ ಜಾಗಕ್ಕೂ 'ದೆ', 'ಆದ್' ಸೇರಿಸಿದ ಪಾನೆಯೇ ಬಂತು. ಬ್ರೆಡ್ಡನ್ನು ತಂದೆ, ಬ್ರೆಡ್ಡಿಗೆ ಹಚ್ಚಿದೆ, ಬ್ರೆಡ್ಡಿನ ಜತೆ ತಿಂದೆ, ಬ್ರೆಡ್ಡಿನಿಂದ ಹೊಟ್ಟೆ ತುಂಬಿತು: ಎಲ್ಲೆಲ್ಲೂ ಪಾನೆ. ಪಾನಿಸ್ ಬರುವುದು ಬ್ರೆಡ್ಡೇ ಏನನ್ನಾದರೂ ಮಾಡಿದಾಗ ಅಥವಾ ಅದು ಹೀಗಿದೆ ಎಂದು ವರ್ಣಿಸಿದಾಗ ಮಾತ್ರ.

ಬ್ರೆಡ್ಡು ತಾನಾಗಿ ಏನು ಮಾಡೀತು? ಅದನ್ನು ನಾದುತ್ತೇವೆ, ಸುಡುತ್ತೇವೆ, ಮಾರುತ್ತೇವೆ, ತಿನ್ನುತ್ತೇವೆ. ವಸ್ತುಗಳ ಹೆಸರುಗಳು ವಾಕ್ಯದಲ್ಲಿ ಕರ್ತೃವಾಗುವುದಕ್ಕಿಂತ ಕರ್ಮವಾಗಿ ಬರುವುದೇ ಹೆಚ್ಚು. ಮಗುವಿನ ಕಿವಿಗೆ ದಿನವಿಡೀ ಬೀಳುವುದು ಪಾನೆ, ಆಗೊಮ್ಮೆ ಈಗೊಮ್ಮೆ ಪಾನಿಸ್. ಬೆಳೆದ ಮಗು ಕರ್ತೃವಿನ ಜಾಗದಲ್ಲೂ ಪಾನೆ ಎಂದೇ ಆಡುತ್ತದೆ. ಹೀಗೆ ಕೆಲವು ತಲೆಮಾರು ಕಳೆದರೆ ಪಾನಿಸ್ ಓದಿದವರ ಪುಸ್ತಕಕ್ಕೆ ಸರಿಯುತ್ತದೆ. ಇದನ್ನು ಬಳಕೆರೂಪದ ಗೆಲುವು ಎಂದು ಕರೆಯೋಣ. ಬಾಲ ಹೋದ ರಹಸ್ಯ ಇಷ್ಟೇ: ಪಾನಿಸ್‌ನ ಬಾಲವನ್ನು ಯಾರೂ ಕತ್ತರಿಸಲಿಲ್ಲ, ಪಾನಿಸ್ ಎಂಬ ರೂಪವೇ ಮೂಲೆಗೆ ಸೇರಿತು, ಅದರ ಜಾಗದಲ್ಲಿ ಪಾನೆ ಕೂತಿತು.

ಸಾಕ್ಷಿ ಹೇಳುವ ಪಾದ್ರಿ

ಪಾನಿಸ್‌ನಿಂದಲೇ ಬಾಲ ಉದುರಿ ಪಾನೆ ಆಗಿರಬಾರದೇಕೆ ಎಂದು ಓದುಗರು ಕೇಳಬಹುದು. ಉತ್ತರ ಸ್ಪೇನ್, ಪೋರ್ಚುಗಲ್‌ಗಳಲ್ಲಿದೆ. ಆ ಎರಡು ನಾಡುಗಳ ಮಾತಿನಲ್ಲಿ ಪದದ ಕೊನೆಯ 'ಸ್' ಗಟ್ಟಿಯಾಗಿ ಉಳಿದಿದೆ. ಅಲ್ಲಿನ ಬಹುವಚನಗಳೆಲ್ಲ ಇಂದಿಗೂ ನಿಂತಿರುವುದು ಆ 'ಸ್' ಮೇಲೆ. ಪಾನಿಸ್ ಎಂಬುದೇ ಹರಿದುಬಂದಿದ್ದರೆ ಅದರ 'ಸ್' ಕೂಡ ಉಳಿಯಬೇಕಿತ್ತು.

ಇದಕ್ಕಿಂತ ಬಲವಾದ ಸಾಕ್ಷಿ ಪ್ರಥಮೆಗೂ 'ಅನ್ನು' ಎನ್ನುವ ದ್ವಿತೀಯೆಗೂ ಬಹಳ ದೂರವಿರುವ ಪದಗಳು. ರಾತ್ರಿಗೆ ಲ್ಯಾಟಿನ್‌ನಲ್ಲಿ ನೋಕ್ಸ್, ರಾತ್ರಿಯನ್ನು ಎನ್ನಲು ನೋಕ್ತೆಮ್. ಇಟಾಲಿಯನ್‌ನ ನೊತ್ತೆ, ಸ್ಪ್ಯಾನಿಶ್‌ನ ನೋಚೆ, ಪೋರ್ಚುಗೀಸ್‌ನ ನೊಯ್ತಿ ಮೂರರಲ್ಲೂ ನೋಕ್ತೆಮ್‌ನ 'ತ'ಕಾರದ ಗುರುತಿದೆ. ಸೇತುವೆಗೆ ಪೊನ್ಸ್, ಸೇತುವೆಯನ್ನು ಎನ್ನಲು ಪೊಂತೆಮ್. ಇಟಲಿಯಲ್ಲಿ ಉಳಿದದ್ದು ಪೊಂತೆ.

ನಮ್ಮ ಪಾದ್ರಿಯೇ ಒಬ್ಬ ಸಾಕ್ಷಿ. ಲ್ಯಾಟಿನ್‌ನಲ್ಲಿ ತಂದೆಗೆ ಪಾತೆರ್, ತಂದೆಯನ್ನು ಎನ್ನಲು ಪಾತ್ರೆಮ್. ಮೊದಲನೆಯದರಲ್ಲಿ 'ತ'ಕ್ಕೂ 'ರ'ಕ್ಕೂ ನಡುವೆ ಸ್ವರವಿದೆ, ಎರಡನೆಯದರಲ್ಲಿ ಅವೆರಡೂ ಒತ್ತಕ್ಷರವಾಗಿ ಕೂಡಿವೆ. ಪಾತ್ರೆಮ್ ಪೋರ್ಚುಗೀಸಿನಲ್ಲಿ ಪಾದ್ರೆ ಆಯಿತು, ಕನ್ನಡದಲ್ಲಿ ಪಾದ್ರಿ ಆಯಿತು. ದ್ವಿತೀಯಾ ವಿಭಕ್ತಿಯ ಗುರುತನ್ನು ನಾವು ದಿನವೂ 'ದ್ರಿ' ಎಂಬ ಒತ್ತಕ್ಷರದಲ್ಲಿ ಉಚ್ಚರಿಸುತ್ತಿದ್ದೇವೆ. ಚಾವಿಯೂ ಹೀಗೆಯೇ: ಲ್ಯಾಟಿನ್‌ನ ಕ್ಲಾವಿಸ್ ಅಲ್ಲ, ಕ್ಲಾವೆಮ್ ಅದರ ಹಿರೀಕ. ಪೋರ್ಚುಗೀಸಿನಲ್ಲಿ ಪದದ ಮೊದಲಿನ 'ಕ್ಲ' ಬದಲಾದದ್ದರಿಂದ ಈಗಿನ ರೂಪ ಹುಟ್ಟಿತು.

ಏಕವಚನ ಮರೆತದ್ದು, ಬಹುವಚನ ನೆನಪಿಟ್ಟದ್ದು

ಪಾನೆ ಎಲ್ಲರಿಗೂ ಹಂಚಿಹೋದ ಮೇಲೆ ಪ್ರತಿ ನಾಡೂ ಅದನ್ನು ತನ್ನ ಬಾಯಿಗೆ ಒಗ್ಗಿಸಿಕೊಂಡಿತು. ಇಟಲಿ ಅದನ್ನು ಹಾಗೆಯೇ ಇಟ್ಟುಕೊಂಡಿತು. ಸ್ಪೇನ್ ಕೊನೆಯ ಸ್ವರ ಬಿಟ್ಟಿತು. ಬಾರ್ಸಿಲೋನಾ ಕಡೆಯ ಕ್ಯಾಟಲಾನ್ 'ನ್' ಅನ್ನೂ ಬಿಟ್ಟು ಬರೀ 'ಪಾ' ಎಂದಿತು. ಫ್ರೆಂಚರು 'ನ್' ಅನ್ನು ಸ್ವರದೊಳಗೆ ಕರಗಿಸಿ ಮೂಗಿನ ದನಿ ಮಾಡಿದರು.

ಪೋರ್ಚುಗೀಸಿನಲ್ಲಿ ನಡೆದದ್ದು ತುಸು ವಿಚಿತ್ರ. ಅಲ್ಲಿ ಮೂಗಿನ ದನಿಯಲ್ಲಿ ಕೊನೆಗೊಳ್ಳುತ್ತಿದ್ದ ಮೂರು ಬಗೆಯ ಪದಗಳು, ವಾಸ್ಕೋ ಡ ಗಾಮಾನ ಕಾಲದ ಹೊತ್ತಿಗೆ, ಒಂದೇ 'ಆಂವ್' ಎಂಬ ಅಚ್ಚಿನಲ್ಲಿ ಬಿದ್ದವು. ಪಾನೆಮ್‌ನಿಂದ ಪಾಂವ್, ಕೈ ಎಂಬರ್ಥದ ಮಾನುಮ್‌ನಿಂದ ಮಾಂವ್, ವಿವೇಕ ಎಂಬರ್ಥದ ರಾತಿಯೋನೆಮ್‌ನಿಂದ ರಝಾಂವ್. ಏಕವಚನದಲ್ಲಿ ಮೂರರ ಪ್ರಾಸವೂ ಒಂದೇ. ಬಹುವಚನಕ್ಕೆ ಹೋದರೆ ಗುಟ್ಟು ಹೊರಬೀಳುತ್ತದೆ: ಪಾಂಯ್ಶ್, ಮಾಂವ್ಶ್, ರಝೋಂಯ್ಶ್. ಲ್ಯಾಟಿನ್ ದ್ವಿತೀಯೆಯ ಬಹುವಚನಗಳಾದ ಪಾನೆಸ್, ಮಾನುಸ್, ರಾತಿಯೋನೆಸ್ ಮೂರರ ಬೇರೆಬೇರೆ ಸ್ವರಗಳು ಇವುಗಳಲ್ಲಿ ಅಡಗಿ ಕೂತಿವೆ. ಪೋರ್ಚುಗೀಸ್ ಕಲಿಯುವ ಮಕ್ಕಳು ಇದನ್ನು ಬಾಯಿಪಾಠ ಮಾಡಬೇಕಾದ ಕಾಟ ಎಂದುಕೊಳ್ಳುತ್ತಾರೆ. ಭಾಷಾವಿಜ್ಞಾನಿಗೆ ಅದೇ ಹಳೆಯ ದಾಖಲೆ. ಇಂದಿನ ನಿಯಮ ತಪ್ಪುವ ಕಡೆ ಬಹಳ ಸಲ ನಿನ್ನೆಯ ನಿಯಮ ಇರುತ್ತದೆ.

ಹಡಗಿನಿಂದ ಇಳಿದದ್ದು ಈ 'ಪಾಂವ್'. ಕೇಳಿದ ಕಿವಿಗಳು ಬೇರೆಬೇರೆ. ಜಪಾನಿಗರೂ ಸಿಂಹಳೀಯರೂ ಅದರ ಮೂಗಿನ ಅಂಶವನ್ನು ಹಿಡಿದು ಪಾನ್ ಎಂದರು. ಮರಾಠಿಯವರು ತುಟಿಯ ಅಂಶವನ್ನು ಹಿಡಿದು ಪಾವ್ ಎಂದರು, ಮೂಗನ್ನು ಬಿಟ್ಟರು. ಗಾಡಿಯ ಮುಂದೆ ನಿಂತು ವಡಾ ಪಾವ್ ಕೇಳುವಾಗ ನಾವು ಆಡುವುದು ಲ್ಯಾಟಿನ್ ದ್ವಿತೀಯಾ ವಿಭಕ್ತಿಯ ಬಹಳ ಸವೆದ ರೂಪವನ್ನು. ಒಳಗಿನ ಬಟಾಟೆ ಮಾತ್ರ ಬೇರೆ ಕುಲದ್ದು. ಆ ಪದವನ್ನು ಪೋರ್ಚುಗೀಸರು ತಂದದ್ದು ಅಮೆರಿಕ ಕಡೆಯಿಂದ.

ಸೋತ ರೂಪವೂ ಪೂರ್ತಿ ಸಾಯಲಿಲ್ಲ

ಬಳಕೆಯೇ ಕಾರಣ ಎನ್ನುವುದು ನಿಜವಾದರೆ ಒಂದು ಪರೀಕ್ಷೆ ಮಾಡಬಹುದು. ಹೆಚ್ಚಾಗಿ ಕರ್ತೃವಾಗಿಯೇ ಬರುವ, ಹೆಸರು ಹಿಡಿದು ಕರೆಸಿಕೊಳ್ಳುವ ಪದಗಳಲ್ಲಿ ಪ್ರಥಮೆ ಉಳಿದಿರಬೇಕು. ಉಳಿದಿದೆ. ದೇವರಿಗೆ ಪೋರ್ಚುಗೀಸಿನಲ್ಲಿ ಇಂದಿಗೂ ದೇವುಸ್, ಬಾಲದ 'ಸ್' ಸಮೇತ. ಕಾರ್ಲೋಸ್, ಮಾರ್ಕೋಸ್ ಎಂಬ ಹೆಸರುಗಳಲ್ಲೂ ಅದೇ 'ಸ್'. ಇಟಾಲಿಯನ್‌ನಲ್ಲಿ ಮನುಷ್ಯನಿಗಿರುವ 'ಉಓಮೊ', ಫ್ರೆಂಚಿನಲ್ಲಿ ಸೋದರಿಗಿರುವ 'ಸರ್' ಪ್ರಥಮೆಯಿಂದ ಬಂದವು. ಬ್ರೆಡ್ಡು, ಬೀಗದ ಕೈ, ಸೇತುವೆಗಳಿಗೆ ಈ ಭಾಗ್ಯ ಸಿಗಲಿಲ್ಲ.

ಹಳೆಯ ಫ್ರೆಂಚಿನಲ್ಲಂತೂ ಸುಮಾರು ಹದಿನಾಲ್ಕನೆಯ ಶತಮಾನದ ತನಕ ಎರಡೂ ರೂಪ ಜತೆಗಿದ್ದವು. ಇದಕ್ಕೆ ಒಳ್ಳೆಯ ನಿದರ್ಶನ ಪಾನಿಸ್‌ನ ಕುಟುಂಬದಲ್ಲೇ ಇದೆ. ಜತೆಗೆ ಕೂತು ಬ್ರೆಡ್ಡು ತಿನ್ನುವವನು ಎಂಬರ್ಥದಲ್ಲಿ ಕೊನೆಗಾಲದ ಲ್ಯಾಟಿನ್ 'ಕೊಂಪಾನಿಯೋ' ಎಂಬ ಪದ ಕಟ್ಟಿತು. ಅದರ ದ್ವಿತೀಯೆ 'ಕೊಂಪಾನಿಯೋನೆಮ್'. ದ್ವಿತೀಯೆಯಿಂದ ಫ್ರೆಂಚಿನ 'ಕೊಂಪಾನ್ಯೋಂ' ಹುಟ್ಟಿತು, ಪ್ರಥಮೆಯಿಂದ ಗೆಳೆಯನನ್ನು ಸಲಿಗೆಯಿಂದ ಕರೆಯುವ 'ಕೊಪ್ಯಾಂ' ಹುಟ್ಟಿತು. ಇದೇ ಬೇರಿನ ಇನ್ನೊಂದು ಟಿಸಿಲು ಇಂಗ್ಲಿಷಿಗೆ ಹೋಗಿ ಅಲ್ಲಿಂದ ನಮ್ಮಲ್ಲಿಗೆ ಬಂದ ಕಂಪನಿ. ಮುಂಬಯಿಯನ್ನು ಬಾಡಿಗೆಗೆ ಪಡೆದ ಕಂಪನಿಯ ಹೆಸರಿನಲ್ಲೂ, ರೈಲಿನ ಪ್ಯಾಂಟ್ರಿಯಲ್ಲೂ ಪಾವ್‌ನ ನೆಂಟಸ್ತಿಕೆ ಇದೆ.

ಹನುಮಾನ್ ಯಾಕೆ, ಹನುಮಂತ ಯಾಕೆ?

ಇಂಥ ಆಯ್ಕೆಯನ್ನು ಕನ್ನಡವೂ ಮಾಡಿದೆ. ಹಿಂದಿಯವರು ಹನುಮಾನ್, ಭಗವಾನ್, ವಿದ್ವಾನ್ ಎನ್ನುತ್ತಾರೆ. ನಾವು ಹನುಮಂತ, ಭಗವಂತ, ವಿದ್ವಾಂಸ ಎನ್ನುತ್ತೇವೆ. ಸಂಸ್ಕೃತದಲ್ಲಿ ಹನುಮಾನ್ ಎನ್ನುವುದು ಪ್ರಥಮಾ ಏಕವಚನ ಒಂದರಲ್ಲೇ ಬರುವ ರೂಪ. ಹನುಮಂತನನ್ನು ಎನ್ನಲು ಹನುಮಂತಂ, ಬಹುವಚನಕ್ಕೆ ಹನುಮಂತಃ. ಪ್ರಾಕೃತಗಳು ಈ ಬೇರೆ ರೂಪಗಳಲ್ಲಿದ್ದ 'ಅಂತ'ವನ್ನೇ ಪದದ ಮೈಯಾಗಿ ಮಾಡಿಕೊಂಡವು, ಕನ್ನಡವೂ ಆ ಜಾಡಿನಲ್ಲಿ ನಡೆಯಿತು. ಶ್ರೀಮಂತ, ಬುದ್ಧಿವಂತ, ಗುಣವಂತ ಎಲ್ಲವೂ ಅದೇ ಸಾಲಿನವು. ಹಾಗೆಂದು ಕನ್ನಡ ಒಂದೇ ಸೂತ್ರಕ್ಕೆ ಕಟ್ಟುಬಿದ್ದಿಲ್ಲ: ರಾಜ, ಆತ್ಮ, ಬ್ರಹ್ಮಗಳಲ್ಲಿ ಅದು ಹಿಡಿದದ್ದು ಪ್ರಥಮೆಯ ಜಾಡನ್ನು.

ಆದ್ದರಿಂದ ಹನುಮಾನ್ ಶುದ್ಧ, ಹನುಮಂತ ಅಪಭ್ರಂಶ ಎಂದು ಯಾರಾದರೂ ವಾದಕ್ಕೆ ನಿಂತರೆ ಅವರಿಗೆ ಪಾವ್‌ನ ಕಥೆ ಹೇಳಿ. ನಿಘಂಟಿನ ತಲೆಪದಕ್ಕೆ ಭಾಷೆಯಲ್ಲಿ ವಿಶೇಷ ಹಕ್ಕೇನೂ ಇಲ್ಲ; ಅದು ವ್ಯಾಕರಣಕಾರರು ಅನುಕೂಲಕ್ಕೆಂದು ಮೊದಲು ಬರೆದ ರೂಪ, ಅಷ್ಟೆ. ಒಂದು ಪದದ ಮೂಲ ಹುಡುಕಹೊರಟಾಗ ಅದರ ಎಲ್ಲ ವಿಭಕ್ತಿಗಳನ್ನೂ ಎದುರಿಗಿಟ್ಟುಕೊಂಡು, ಜನ ಅಡುಗೆಮನೆಯಲ್ಲಿ, ಅಂಗಡಿಯಲ್ಲಿ ಯಾವುದನ್ನು ಹೆಚ್ಚು ಆಡಿರಬಹುದು ಎಂದು ಮೊದಲು ಕೇಳಿಕೊಳ್ಳಿ. ಬಹಳ ಸಲ ಮುಂದಿನ ತಲೆಮಾರಿಗೆ ದಾಟಿರುವುದು ಅದೇ ರೂಪ.